ಗಾಯ ಮಾಯ್ತಲ್ಲಾ, ಇನ್ನೇನು?

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಸೋಮಾರಿತನ, ಎರಡೂ ಕಾರಣ. ನಾನು ಬರೆಯದೇ ಇದ್ದಿದ್ದಕ್ಕೆ ಯಾರೂ ಊಟ ಬಿಟ್ಟಿಲ್ಲ ಅಂತಲೂ ಗೊತ್ತು :) ಆದರೆ ಕಳೆದ ವಾರ ಮೈಸೂರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆ ಕೊರೀತಾ ಇದೆ. ಮೊದಲೇ ಹೇಳಿಬಿಡ್ತೀನಿ, ಇದು ಮಳೆಗಾಲದ ನೆನಪಿನ ಬರಹ ಅಲ್ಲ, ಕಾಲೇಜಿನ ಹುಡುಗಿಯ ಕಥೆಯೂ ಅಲ್ಲ. ಒಂದು ಕುದುರೆಯ ಹಿಂಗಾಲಿನ ಊತದ ಬಗ್ಗೆ. ಮತ್ತು ಆ ಊತದ ಸುತ್ತ ನಿಂತು ಮಾತಾಡಿದವರ ಮೇಲೆ ನನಗೆ ಬಂದ ಸಿಟ್ಟಿನ ಬಗ್ಗೆ. ಆ ಮಾತಾಡಿದವರಲ್ಲಿ ನಾನೂ ಒಬ್ಬ, ಅದನ್ನು ಮುಂದೆ ಹೇಳ್ತೀನಿ.

ನಮ್ಮ ಬೀದಿಯ ಕೊನೆಯಲ್ಲಿ ಟಾಂಗಾ ಓಡಿಸುವ ಚಾಚಾ ಒಬ್ಬರಿದ್ದಾರೆ. ನಾನು ಯುಕೆಜಿಗೆ ಹೋಗಿದ್ದೇ ಅವರ ಗಾಡಿಯಲ್ಲಿ. ಈಗ ಅವರದು ಅರಮನೆ ಸುತ್ತ ಪ್ರವಾಸಿಗರನ್ನು ಸುತ್ತಾಡಿಸುವ ಕೆಲಸ. ಅವರ ಕುದುರೆ ಒಂದು ಕಂದು ಹೆಣ್ಣು, ಹೆಸರು ರಾಣಿ. ಈ ವರ್ಷದ ಮಳೆ ಶುರುವಾಗುವ ಹೊತ್ತಿಗೆ ಲಾಯದ ಪಕ್ಕ ಬಿದ್ದಿದ್ದ ಹಳೇ ತಗಡಿನ ಅಂಚು ರಾಣಿಯ ಎಡ ಹಿಂಗಾಲಿಗೆ ತಾಗಿ, ಗೊರಸಿಗೂ ಮೇಲಿನ ಮಡಿಚಿಗೂ ನಡುವೆ ಉದ್ದಕ್ಕೆ ಸೀಳಿತು. ಡಾಕ್ಟರು ಬಂದು ತೊಳೆದು, ಧನುರ್ವಾಯು ಆಗದ ಹಾಗೆ ಸೂಜಿ ಹಾಕಿ, ಆಂಟಿಬಯಾಟಿಕ್ ಕೊಟ್ಟು ಹೋದರು. ಚಾಚಾ ದಿನಾ ಗಾಯ ತೊಳೆದರು, ಪಟ್ಟಿ ಬದಲಿಸಿದರು. ಸುಮಾರು ಎರಡೂವರೆ ತಿಂಗಳಿಗೆ ಗಾಯ ಮುಚ್ಚಿತು. ಹಕ್ಕಳೆ ಉದುರಿತು. ಅಂಚಿನಲ್ಲಿ ಕೂದಲೂ ಬಂತು.

ಆದರೆ ಕಾಲು ಇಳಿಯಲಿಲ್ಲ. ಬಲಗಾಲು ಕುದುರೆಯ ಕಾಲು, ಎಡಗಾಲು ಬಿದಿರಿನ ಬೊಂಬು. ಬೆಳಗ್ಗೆ ನೋಡಿದರೆ ದಪ್ಪ, ಸ್ವಲ್ಪ ನಡೆಸಿದರೆ ಒಂದಿಷ್ಟು ಕಮ್ಮಿ, ಮಾರನೇ ದಿನ ಮತ್ತೆ ಅಷ್ಟೇ. ಒಂದು ತಿಂಗಳು ಕಳೆದರೂ ಇದೇ ಹಣೆಬರಹ.

ಇಷ್ಟಾದ ಮೇಲೆ ಸಲಹೆಗಾರರ ದಂಡು ಶುರುವಾಯ್ತು ನೋಡಿ!

ಮೊದಲನೆಯವರು: "ಗಾಯ ಮಾಯ್ತಲ್ಲಾ, ಇನ್ನೇನು? ಗಾಡಿಗೆ ಕಟ್ಟು. ಕೆಲಸ ಮಾಡ್ತಾ ಮಾಡ್ತಾ ತಾನೇ ಇಳಿಯುತ್ತೆ." ಎರಡನೆಯವರು: "ಕೆಟ್ಟ ನೀರು ತುಂಬಿಕೊಂಡಿದೆ, ಕಬ್ಬಿಣ ಕಾಯಿಸಿ ನಾಲ್ಕು ಬರೆ ಹಾಕಿಸು, ಸುಟ್ಟು ಹೋಗುತ್ತೆ." ಮೂರನೆಯವರು, ಮೊಬೈಲಲ್ಲಿ ಫೋಟೋ ಹೊಡೆದುಕೊಂಡ ಇಬ್ಬರು ಹುಡುಗರು: "ನೋಡಿ ಎಂಥಾ ಹಿಂಸೆ, ಈ ಟಾಂಗಾಗಳನ್ನೆಲ್ಲ ಬ್ಯಾನ್ ಮಾಡಬೇಕು." ನಾಲ್ಕನೆಯದು ನಿಮ್ಮ ಈ ಬ್ಲಾಗಿಗ ಮಹಾಶಯ. ಫೋನಿನಲ್ಲೇ, ಬೆಂಗಳೂರಿನಲ್ಲಿ ಕೂತು, ತಿಳಿದವನ ಗತ್ತಿನಲ್ಲಿ ಹೇಳಿದೆ: "ಚಾಚಾ, ಪೂರ್ತಿ ರೆಸ್ಟ್ ಕೊಟ್ಟುಬಿಡಿ. ಒಂದು ತಿಂಗಳು ಲಾಯದಿಂದ ಆಚೆ ತೆಗೀಬೇಡಿ."

ಚಾಚಾ ನನ್ನ ಮಾತು ಕೇಳಿದರು. ಇಂಜಿನಿಯರಿಂಗ್ ಓದಿದ ಹುಡುಗ ಅಲ್ವಾ! ಎಂಟೇ ದಿನಕ್ಕೆ ಕಾಲು ಇನ್ನಷ್ಟು ದಪ್ಪವಾಯ್ತು. ಆಗ ನನಗೆ ಹೆದರಿಕೆ ಹುಟ್ಟಿತು. ಬಗ್ ರಿಪೋರ್ಟ್ ಓದದೆ ಫಿಕ್ಸ್ ಹಾಕಿದ ಜೂನಿಯರ್ ಥರ ಆಗಿತ್ತು ನನ್ನ ಸ್ಥಿತಿ. ಆಮೇಲೆ ಕೂತು ಓದಿದೆ, ಡಾಕ್ಟರ ಹತ್ತಿರ ಕೇಳಿದೆ. ಓದಿದ ಮೇಲೆ ಗೊತ್ತಾಗಿದ್ದು ಇಷ್ಟು: ನಾವು ನಾಲ್ಕೂ ಜನ ಬೇರೆ ಬೇರೆ ಮಾತಾಡಿದರೂ ಮಾಡಿದ ತಪ್ಪು ಒಂದೇ. ಎಲ್ಲರೂ ಚರ್ಮ ನೋಡಿದೆವು. ಚರ್ಮ ಮುಚ್ಚಿದೆ ಅಂದರೆ ಚಿಕಿತ್ಸೆ ಮುಗಿಯಿತು ಅಂತ ತೀರ್ಮಾನ ಮಾಡಿ, ಉಳಿದ ಊತಕ್ಕೆ ಒಬ್ಬೊಬ್ಬರು ಒಂದೊಂದು ಶಿಕ್ಷೆ ಬರೆದೆವು. ಊತ ಯಾಕೆ ಉಳಿದಿದೆ ಅಂತ ಒಬ್ಬರೂ ಕೇಳಲಿಲ್ಲ.

ಮೊದಲು ಕುದುರೆಯ ಕಾಲು ಅಂದರೇನು ಅಂತ ನೋಡೋಣ. ಬೋರ್ ಆಗಲ್ಲ, ಓದಿ. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಅನ್ನೋದು ನಿಜಕ್ಕೂ ನಮ್ಮ ಕೈಯ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಕೋನವಾಗಿ ಬಾಗುವ ಆ ಮಡಿಚು ನಮ್ಮ ಹಿಮ್ಮಡಿ. ಅದರ ಕೆಳಗಿರೋದೆಲ್ಲ ಒಂದೇ ಒಂದು ಬೆರಳು. ನಾಲ್ಕೈದು ಕ್ವಿಂಟಾಲ್ ತೂಗುವ ಪ್ರಾಣಿ ನಾಲ್ಕು ನಡುಬೆರಳುಗಳ ಉಗುರಿನ ಮೇಲೆ ನಿಂತಿರುತ್ತೆ! ಆ ಮಡಿಚಿನಿಂದ ಕೆಳಗೆ ಹೇಳಿಕೊಳ್ಳುವಂಥ ಮಾಂಸಖಂಡವೇ ಇಲ್ಲ. ಮೂಳೆ, ಹಗ್ಗದಂಥ ಟೆಂಡನ್‌ಗಳು, ಲಿಗಮೆಂಟು, ರಕ್ತನಾಳ, ಮೇಲೊಂದು ಚರ್ಮ. ಅಷ್ಟೇ.

ಮಾಂಸಖಂಡ ಇಲ್ಲದಿದ್ದರೆ ಏನಾಯ್ತು ಅಂತೀರಾ? ರಾತ್ರಿಯೆಲ್ಲ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತು ಊರಿಗೆ ಹೋದಾಗ ಬೆಳಗ್ಗೆ ಚಪ್ಪಲಿ ಬಿಗಿಯಾಗುತ್ತಲ್ಲ, ನೆನಪಿಸಿಕೊಳ್ಳಿ. ಸಣ್ಣ ರಕ್ತನಾಳಗಳಿಂದ ಸ್ವಲ್ಪ ಸ್ವಲ್ಪ ನೀರು ಯಾವಾಗಲೂ ಹೊರಗೆ ಜಿನುಗುತ್ತಾ ಇರುತ್ತೆ. ಅದನ್ನು ವಾಪಸ್ ಮೇಲಕ್ಕೆ ಒಯ್ಯಬೇಕು. ನಮ್ಮಲ್ಲಿ ಮೀನಖಂಡ ಪ್ರತಿ ಹೆಜ್ಜೆಗೂ ಹಿಂಡಿ ಮೇಲಕ್ಕೆ ತಳ್ಳುತ್ತೆ. ಎರಡು ಹೆಜ್ಜೆ ನಡೆದರೆ ಊತ ಇಳಿಯುತ್ತೆ. ಕುದುರೆಯ ಕೆಳಗಾಲಿನಲ್ಲಿ ಆ ಪಂಪ್ ಇಲ್ಲ. ಅಲ್ಲಿ ಕೆಲಸ ಮಾಡೋದು ಗೊರಸು. ಹೆಜ್ಜೆ ಊರಿದಾಗಲೆಲ್ಲ ಗೊರಸಿನೊಳಗಿನ ಮೆತ್ತೆ ಒತ್ತಿ ರಕ್ತ ಮೇಲಕ್ಕೆ ಹೋಗುತ್ತೆ, ಕೀಲು ಮಡಿಚಿ ಬಿಡಿಸಿದಾಗ ಟೆಂಡನ್ನು ಚರ್ಮಗಳು ಸುತ್ತಲಿನ ನಾಳಗಳನ್ನು ಹಿಂಡುತ್ತವೆ. ಅಂದರೆ ಕುದುರೆ ನಡೆದರೆ ಪಂಪ್ ಓಡುತ್ತೆ, ನಿಂತರೆ ನಿಲ್ಲುತ್ತೆ.

ಆ ನೀರಿನ ಒಂದು ಪಾಲು, ಅದರಲ್ಲೂ ಪ್ರೋಟೀನ್ ಇರುವ ಪಾಲು, ವಾಪಸ್ ಹೋಗೋದು ದುಗ್ಧನಾಳಗಳ ಮೂಲಕ. ಹೈಸ್ಕೂಲಿನಲ್ಲಿ ದುಗ್ಧರಸ ಅಂತ ಎರಡು ಮಾರ್ಕಿನ ಪ್ರಶ್ನೆಗೆ ಬಾಯಿಪಾಠ ಮಾಡಿ ಮರೆತಿದ್ದೆವಲ್ಲ, ಅದೇ. ಊರಿನ ಚರಂಡಿ ಇದ್ದ ಹಾಗೆ ಅದು. ಇರುವಾಗ ಯಾರಿಗೂ ಕಾಣಲ್ಲ, ಕಟ್ಟಿಕೊಂಡಾಗಲೇ ಗೊತ್ತಾಗೋದು. ತಗಡು ಸೀಳಿದಾಗ ಚರ್ಮದ ಜೊತೆ ಈ ನಾಳಗಳೂ ತುಂಡಾಗುತ್ತವೆ. ಚರ್ಮ ಸೇರಿಕೊಳ್ಳುತ್ತೆ. ಆದರೆ ಅದರಡಿ ಗಟ್ಟಿ ಕಲೆ ಮಾಂಸ ಕೂತರೆ ನಾಳಗಳು ಮೊದಲಿನ ಹಾಗೆ ಮತ್ತೆ ಹುಟ್ಟಲ್ಲ. ರಸ್ತೆ ಅಗೆದು ಮೇಲೆ ಟಾರು ಹಾಕಿಬಿಟ್ಟು, ಒಡೆದ ಪೈಪನ್ನು ಹಾಗೇ ಬಿಟ್ಟ ಹಾಗೆ. ನೋಡೋಕೆ ರಸ್ತೆ ನುಣುಪು!

ಹೊರಗೆ ಹೋಗದೆ ನಿಂತ ಪ್ರೋಟೀನು ಇನ್ನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ಅದು ತುಂಬಾ ದಿನ ನಿಂತರೆ ಅಲ್ಲಿ ನಾರು ಬೆಳೆಯುತ್ತೆ. ಮೊದಲು ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿದ್ದ ಊತ ಬರಬರುತ್ತಾ ರಬ್ಬರಿನ ಥರ ಗಟ್ಟಿಯಾಗುತ್ತೆ. ಒಮ್ಮೆ ನಾರಾದ ಮೇಲೆ ಅದು ಪೂರ್ತಿ ಇಳಿಯೋದು ಕಷ್ಟ. ಅದಕ್ಕೇ ನಾನು ಹೇಳೋದು, "ಗಾಯ ಮಾಯ್ತಲ್ಲಾ" ಅಂತ ಕೈ ತೊಳೆದುಕೊಳ್ಳುವ ಆ ಒಂದೆರಡು ತಿಂಗಳು ಇದೆಯಲ್ಲ, ಅದೇ ನಿಜವಾಗಿ ಕೆಲಸ ಮಾಡಬೇಕಾದ ಕಾಲ. ಆಗ ಕಳೆದುಕೊಂಡಿದ್ದು ಆಮೇಲೆ ಪೂರ್ತಿ ವಾಪಸ್ ಬರಲ್ಲ.

ಕರಾವಳಿಯ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತೆ. ಆನೆಕಾಲು ರೋಗ ಕಂಡವರು ನೀವು. ಅಲ್ಲೂ ಕೆಡೋದು ಇದೇ ದುಗ್ಧನಾಳಗಳು. ಹುಳ ಸತ್ತರೂ ಬಾತ ಕಾಲು ಮೊದಲಿನ ಹಾಗಾಗಲ್ಲ. ಆಮೇಲೆ ದಿನಾ ಕಾಲು ತೊಳೆದು ಒರೆಸಿ, ಬೆರಳ ಸಂದಿ ಬಿರುಕು ಬಿಡದ ಹಾಗೆ ನೋಡಿಕೊಂಡು, ಕಾಲು ಆಡಿಸುತ್ತಾ, ಇಡೀ ಜೀವಮಾನ ಕಾಪಾಡಿಕೊಳ್ಳಬೇಕು. "ಹುಳ ಸತ್ತಿತಲ್ಲಾ, ಇನ್ನೇನು" ಅಂತ ಅವರಿಗೆ ಯಾರಾದರೂ ಹೇಳ್ತಾರಾ?

ಈಗ ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳೋಣ.

ಮೊದಲನೆಯವರು, "ಗಾಡಿಗೆ ಕಟ್ಟು" ಅಂದವರು. ನಡೆದರೆ ಊತ ಇಳಿಯುತ್ತೆ ಅನ್ನೋದು ನಿಜ ತಾನೇ, ಅವರು ಹೇಳಿದ್ದರಲ್ಲಿ ತಪ್ಪೇನು ಅಂತ ಕೇಳಬಹುದು. ತಪ್ಪಿರೋದು ಇಲ್ಲಿ: ಊತಕ್ಕೆ ಕಾರಣ ಬರೀ ದುಗ್ಧನಾಳವೇ ಅಂತ ಅವರಿಗೆ ಯಾರು ಹೇಳಿದರು? ಒಳಗೆ ಮುಳ್ಳೋ ಮರದ ಚೂರೋ ಉಳಿದಿರಬಹುದು. ಮರದ ಚೂರು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಲ್ಲ, ಅಲ್ಟ್ರಾಸೌಂಡಿನಲ್ಲಿ ಹುಡುಕಬೇಕು. ಮೂಳೆಯ ಮೇಲಿನ ಪೊರೆ ಕಿತ್ತುಹೋಗಿ ಒಂದು ಚೂರು ಮೂಳೆ ಸತ್ತಿರಬಹುದು. ಕುದುರೆಯ ಕೆಳಗಾಲಿನಲ್ಲಿ ಮೂಳೆಗೂ ಹೊರಗಿನ ಪ್ರಪಂಚಕ್ಕೂ ನಡುವೆ ಇರೋದು ಚರ್ಮ ಮಾತ್ರ, ಹಾಗಾಗಿ ಇದು ಅಪರೂಪವಲ್ಲ. ಗಾಯವಾದ ದಿನವೇ ಎಕ್ಸ್‌ರೇ ತೆಗೆದರೆ ಇದು ಕಾಣೋದೂ ಇಲ್ಲ, ಕೆಲವು ವಾರ ಬೇಕು. ಮುಚ್ಚಿದ ಗಾಯ ಮತ್ತೆ ಬಾಯಿ ಬಿಟ್ಟು ಕೀವು ಸುರಿಸಿ, ಮತ್ತೆ ಮುಚ್ಚಿ, ಮತ್ತೆ ಬಾಯಿ ಬಿಟ್ಟರೆ ಒಳಗೆ ಏನೋ ಇದೆ ಅಂತಲೇ ಲೆಕ್ಕ. ಟೆಂಡನ್ನಿಗೋ ಅದರ ಕೋಶಕ್ಕೋ ಕೀಲಿಗೋ ಪೆಟ್ಟಾಗಿರಬಹುದು. ಇವನ್ನೆಲ್ಲ ನೋಡದೆ ಗಾಡಿಗೆ ಕಟ್ಟೋದು ಅಂದರೆ ಮುರಿದ ಆಕ್ಸಲ್ಲಿನ ಬಸ್ಸನ್ನು ಚಾಮುಂಡಿ ಬೆಟ್ಟ ಹತ್ತಿಸೋದು.

ಜೊತೆಗೆ ಕಾನೂನೂ ಇದೆ ಸ್ವಾಮಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ವಯಸ್ಸು, ರೋಗ, ಗಾಯ, ಹುಣ್ಣು, ಅಥವಾ ಬೇರೆ ಯಾವುದೇ ಕಾರಣಕ್ಕೆ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸೋದು ಅಪರಾಧ. "ಬೇರೆ ಯಾವುದೇ ಕಾರಣ" ಅನ್ನೋದನ್ನು ಗಮನಿಸಿ. ಗಾಯ ಮುಚ್ಚಿದ ಕೂಡಲೇ ಯೋಗ್ಯತೆ ಬಂತು ಅಂತ ಕಾನೂನೂ ಒಪ್ಪಲ್ಲ.

ಎರಡನೆಯವರು, ಬರೆ ಹಾಕುವ ಪಂಡಿತರು. ಇವರ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಇದು ನಮ್ಮ ಹಳ್ಳಿಯವರ ಮೂಢನಂಬಿಕೆ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಓದಿದ ಪಶುವೈದ್ಯರೇ ರೇಸ್ ಕುದುರೆಗಳ ಟೆಂಡನ್ನಿಗೆ ತಲೆಮಾರುಗಟ್ಟಲೆ ಬರೆ ಹಾಕುತ್ತಾ ಬಂದಿದ್ದರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇಯಾನ್ ಸಿಲ್ವರ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿ 1983ರಲ್ಲಿ ಪ್ರಕಟಿಸಿದರು: ಬರೆಯಿಂದ ಟೆಂಡನ್ನಿಗೆ ಏನೂ ಉಪಯೋಗವಿಲ್ಲ. 1991ರಲ್ಲಿ ಅಲ್ಲಿನ ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್ ಇದನ್ನು ವೃತ್ತಿಧರ್ಮಕ್ಕೆ ವಿರುದ್ಧ ಅಂತ ಹೇಳಿತು. ಟೆಂಡನ್ನಿಗೇ ಉಪಯೋಗವಿಲ್ಲದ್ದು ದುಗ್ಧನಾಳಕ್ಕೆ ಏನು ಮಾಡೀತು? ಇರುವ ಕಷ್ಟವೇ ಕಲೆ ಮಾಂಸ ಹೆಚ್ಚಾಗಿ ನಾಳ ಕಟ್ಟಿಕೊಂಡಿರೋದು. ಅದರ ಮೇಲೆ ಸುಟ್ಟು ಇನ್ನೊಂದು ನಾಲ್ಕು ಕಲೆ ಮಾಡೋದು ಯಾವ ಬುದ್ಧಿ? "ನಮ್ಮ ತಾತ ಹಾಕಿಸಿದ್ದರು, ವಾಸಿಯಾಗಿತ್ತು" ಅಂತಾರೆ. ಬರೆ ಹಾಕಿದ ಮೇಲೆ ಕುದುರೆಗೆ ತಿಂಗಳುಗಟ್ಟಲೆ ಕೆಲಸದಿಂದ ಬಿಡುವು ಸಿಕ್ಕಿತ್ತು, ತಾತನ ಕುದುರೆಗೆ ವಾಸಿಯಾಗಿದ್ದು ಆ ಬಿಡುವಿನಿಂದ ಇರಬಹುದು ಅಂತ ಯಾಕೆ ಹೊಳೆಯಲ್ಲ?

ಇದೇ ಗುಂಪಿಗೆ ಸೇರಿದವರು "ನೀರು ಇಳಿಯೋ ಸೂಜಿ ಹಾಕಿಸಿ" ಅನ್ನುವವರು. ಉಚ್ಚೆ ಹೆಚ್ಚು ಮಾಡುವ ಔಷಧಿ ನೀರನ್ನು ಹೊರಗೆ ಕಳಿಸುತ್ತೆ, ಪ್ರೋಟೀನನ್ನಲ್ಲ. ಪ್ರೋಟೀನು ಅಲ್ಲೇ ಇದ್ದರೆ ನೀರು ಮತ್ತೆ ಬಂದು ಸೇರುತ್ತೆ. ಒಂದು ದಿನದ ಸಂತೋಷ.

ಮೂರನೆಯವರು, ಫೋಟೋ ಹುಡುಗರು. ಇವರ ಜೊತೆ ಜಗಳ ಆಡೋದು ಸ್ವಲ್ಪ ಕಷ್ಟ, ಯಾಕಂದರೆ ಅವರ ಮನಸ್ಸು ಒಳ್ಳೆಯದು. ಪ್ರಾಣಿ ನರಳಬಾರದು ಅಂತ ನನಗೂ ಇದೆ. ಟಾಂಗಾ ಇರಬೇಕೋ ಬೇಡವೋ ಅನ್ನೋದು ದೊಡ್ಡ ಚರ್ಚೆ. ಮುಂಬೈನ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಅಂತ 2015ರಲ್ಲಿ ಬಾಂಬೆ ಹೈಕೋರ್ಟು ತೀರ್ಪು ಕೊಟ್ಟು, ಒಂದು ವರ್ಷದೊಳಗೆ ನಿಲ್ಲಿಸಲು ಹೇಳಿತ್ತು. ಆ ಚರ್ಚೆ ಇಲ್ಲೂ ಆಗಲಿ. ಆದರೆ ರಾಣಿಯ ಕಾಲಿಗೂ ಆ ಚರ್ಚೆಗೂ ಏನು ಸಂಬಂಧ? ನಾಳೆ ಬೆಳಗ್ಗೆ ಟಾಂಗಾ ನಿಂತುಹೋದರೂ ಆ ಕಾಲು ಅಷ್ಟೇ ದಪ್ಪ ಇರುತ್ತೆ. ತಗಡು ರೇಸ್ ಕುದುರೆಗೂ ತಾಗುತ್ತೆ, ಸುಮ್ಮನೆ ಹುಲ್ಲು ಮೇಯುವ ಕುದುರೆಗೂ ತಾಗುತ್ತೆ. ಆ ಹುಡುಗರು ತೆಗೆದ ಫೋಟೋದಲ್ಲಿ ದಪ್ಪ ಕಾಲು ಇತ್ತು. ಎರಡೂವರೆ ತಿಂಗಳು ದಿನಾ ಮಂಡಿಯೂರಿ ಪಟ್ಟಿ ಬದಲಿಸಿದ ಅರವತ್ತು ದಾಟಿದ ಮನುಷ್ಯ ಇರಲಿಲ್ಲ. ಅವತ್ತು ಗಾಡಿಗೆ ಕಟ್ಟಿರಲೂ ಇಲ್ಲ, ಸುಮ್ಮನೆ ನಡೆಸಿಕೊಂಡು ಹೋಗುತ್ತಿದ್ದರು. ಅದಾದ ಮೇಲೆ ಚಾಚಾ ನಾಲ್ಕು ದಿನ ಹೆದರಿ ರಾಣಿಯನ್ನು ರಸ್ತೆಗೇ ತರಲಿಲ್ಲ. ಅಂದರೆ ಆ ಫೋಟೋದಿಂದ ನಿಂತಿದ್ದು ಹಿಂಸೆಯಲ್ಲ, ಚಿಕಿತ್ಸೆ.

ದುಡ್ಡಿನ ಮಾತೂ ಹೇಳಬೇಕು. ಗಾಡಿ ಓಡಿದ ದಿನವೂ ಕುದುರೆ ತಿನ್ನುತ್ತೆ, ಓಡದ ದಿನವೂ ತಿನ್ನುತ್ತೆ. ಗಾಯ ಬಾಯಿ ತೆರೆದಿರುವಾಗ ಎಲ್ಲರಿಗೂ ಕನಿಕರ. ಔಷಧಿಗೆ ಅಂತ ಬೀದಿಯವರೂ ನೂರು ಇನ್ನೂರು ಕೊಟ್ಟರು. ಗಾಯ ಮುಚ್ಚಿದ ದಿನ ಕನಿಕರವೂ ಮುಚ್ಚಿತು. ಅಲ್ಲಿಂದ ಮುಂದಿನ ದಿನಗಳಲ್ಲಿ ಅವರಿಗೆ ಇದ್ದ ದಾರಿ ಎರಡೇ: ಕಾಲು ದಪ್ಪವಿದ್ದ ಹಾಗೇ ಗಾಡಿಗೆ ಕಟ್ಟೋದು, ಇಲ್ಲಾ ಸಿಕ್ಕ ಬೆಲೆಗೆ ಮಾರೋದು. ಒಬ್ಬ ದಲ್ಲಾಳಿ ಬಂದು ನೋಡಿಕೊಂಡೂ ಹೋಗಿದ್ದ. ಆ ಬೆಲೆಗೆ ಕೊಂಡವನು ಅದನ್ನು ಏನು ಮಾಡ್ತಾನೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಾಲ್ಕನೆಯವನು, ನಾನು. "ಪೂರ್ತಿ ರೆಸ್ಟ್" ಅಂದವನು. ರೆಸ್ಟ್ ಅಂದರೆ ಎಲ್ಲ ರೋಗಕ್ಕೂ ಮದ್ದು ಅಂತ ನಮಗೆ ಯಾಕೋ ಒಂದು ನಂಬಿಕೆ. ವಾರಪೂರ್ತಿ ಕುರ್ಚಿಯಲ್ಲಿ ಕೂತು ವೀಕೆಂಡಿನಲ್ಲಿ ಹಾಸಿಗೆಯಲ್ಲಿ ಬಿದ್ದುಕೊಳ್ಳುವ ಜಾತಿ ನಮ್ಮದು, ಅದಕ್ಕಿರಬೇಕು. ಯೂರೋಪಿನಲ್ಲಿ ಗಾಡಿ ಎಳೆಯುವ ಭಾರೀ ಕುದುರೆಗಳಿದ್ದ ಕಾಲದಲ್ಲಿ 'ಸೋಮವಾರದ ಕಾಲು' ಅಂತ ಒಂದು ಮಾತೇ ಇತ್ತು. ಭಾನುವಾರ ಕೆಲಸವಿಲ್ಲ, ಕುದುರೆ ಲಾಯದಲ್ಲೇ ನಿಲ್ಲುತ್ತೆ, ಕಾಳು ಮಾತ್ರ ಎಂದಿನಷ್ಟೇ. ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಹಿಂಗಾಲು ಕಂಬದ ಹಾಗೆ ಊದಿರುತ್ತಿತ್ತು. ಚರ್ಮದ ಸಣ್ಣ ಬಿರುಕಿನಿಂದ ಒಳಗೆ ಹೋದ ಬ್ಯಾಕ್ಟೀರಿಯಾದ ಸೋಂಕು, ಅದಕ್ಕೆ ಸೇರಿ ನಿಂತಲ್ಲೇ ನಿಲ್ಲೋದು, ಇವೆರಡರಿಂದ ಹೀಗಾಗುತ್ತೆ ಅಂತ ಈಗ ತಿಳಿದಿದೆ. ನಮಗೂ ಸೋಮವಾರಕ್ಕೂ ಆಗಿಬರಲ್ಲ ಅಂದುಕೊಂಡಿದ್ದೆ, ಕುದುರೆಗಳಿಗೂ ಆಗಿಬರುತ್ತಿರಲಿಲ್ಲ :) ತಮಾಷೆ ಇರಲಿ, ಪಂಪು ಓಡೋದೇ ನಡಿಗೆಯಿಂದ ಅಂತ ಆದ ಮೇಲೆ, ನಾನು ರಾಣಿಯ ಪಂಪಿನ ಸ್ವಿಚ್ಚನ್ನೇ ಆಫ್ ಮಾಡಿಸಿದ್ದೆ. ಅದೂ ಪ್ರೀತಿಯಿಂದ.

ಹಾಗಾದರೆ ಸರಿ ಯಾವುದು? ಮೊದಲು ಕಾರಣ, ಆಮೇಲೆ ಉಪಾಯ. ನಾನು ಡಾಕ್ಟರ್ ಅಲ್ಲ, ಆದರೆ ಡಾಕ್ಟರು ಬರುವ ಮುಂಚೆ ಮನೆಯವರೇ ನೋಡಿ ಹೇಳಬಹುದಾದ್ದು ಬಹಳ ಇದೆ. ಊದಿರೋದು ಒಂದು ಕಾಲೋ ಎರಡೋ? ಎರಡೂ ಹಿಂಗಾಲು ಸಮನಾಗಿ ಊದಿ, ತಣ್ಣಗಿದ್ದು, ನಡೆಸಿದ ಕೂಡಲೇ ಇಳಿದರೆ ಅದು ಹಳೇ ಗಾಯದ ಕಥೆಯಲ್ಲ, ಹೆಚ್ಚಾಗಿ ನಿಂತು ನಿಂತು ಬಂದದ್ದು. ಹಾಗೆ ಇಳಿಯದಿದ್ದರೆ ಮೈಯೊಳಗಿನ ಬೇರೆ ಕಾಯಿಲೆಯೂ ಇರಬಹುದು, ತೋರಿಸಲೇಬೇಕು. ಅಂಗೈ ಹಿಂಭಾಗ ಇಟ್ಟು ನೋಡಿ, ಪಕ್ಕದ ಕಾಲಿಗಿಂತ ಬಿಸಿಯೋ? ಹೆಬ್ಬೆರಳಲ್ಲಿ ಒತ್ತಿ, ಗುಳಿ ಬಿದ್ದು ನಿಲ್ಲುತ್ತೋ, ಗಟ್ಟಿಯೋ? ಒತ್ತಿದರೆ ಕಾಲು ಎಳೆದುಕೊಳ್ಳುತ್ತೋ? ಥರ್ಮಾಮೀಟರ್ ಇಡಿ. ಆರೋಗ್ಯವಾಗಿರುವ ದೊಡ್ಡ ಕುದುರೆಯ ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚಿದ್ದು, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಊರೋಕೇ ಆಗದಷ್ಟು ಕುಂಟಿದರೆ ಅವತ್ತೇ ಡಾಕ್ಟರನ್ನು ಕರೆಯಬೇಕು, ನಾಳೆ ಅಲ್ಲ. ಹಾಗೆ ಒಮ್ಮೆ ಸೋಂಕು ತಗುಲಿದ ಕಾಲಿಗೆ ಮತ್ತೆ ಮತ್ತೆ ಅದು ಬರುತ್ತೆ, ಪ್ರತಿ ಸಲವೂ ಕಾಲನ್ನು ಇನ್ನಷ್ಟು ಕೆಡಿಸಿ ಹೋಗುತ್ತೆ.

ಒಳಗೆ ಏನೂ ಉಳಿದಿಲ್ಲ, ಸೋಂಕಿಲ್ಲ, ಮೂಳೆ ಟೆಂಡನ್ ಕೀಲು ಸರಿಯಿವೆ ಅಂತ ಡಾಕ್ಟರು ಹೇಳಿದ ಮೇಲೆ ಮಾಡಬೇಕಾದ್ದು ನೋಡೋಕೆ ಬಹಳ ಸಪ್ಪೆ. ಗಾಡಿಯಿಲ್ಲದೆ, ಕೈಯಲ್ಲಿ ಹಗ್ಗ ಹಿಡಿದು, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ನಡೆಸೋದು. ಎಷ್ಟು ಅಂತ ಡಾಕ್ಟರು ಹೇಳ್ತಾರೆ. ನಡೆದು ಬಂದ ಮೇಲೆ ಬ್ಯಾಂಡೇಜು. ಅದನ್ನು ಕಟ್ಟೋದಕ್ಕೂ ಕ್ರಮ ಇದೆ. ಮೊದಲು ದಪ್ಪ ಹತ್ತಿಯ ಮೆತ್ತೆ, ಅದರ ಮೇಲೆ ಪಟ್ಟಿ, ಕೆಳಗಿನಿಂದ ಮೇಲಕ್ಕೆ, ಎಲ್ಲ ಕಡೆ ಒಂದೇ ಬಿಗಿ, ಒಂದೂ ಸುಕ್ಕಿಲ್ಲದೆ. ಮೆತ್ತೆಯಿಲ್ಲದೆ ಬರೀ ಬಟ್ಟೆಯನ್ನೋ ಹಗ್ಗವನ್ನೋ ಬಿಗಿದರೆ ಟೆಂಡನ್ನಿಗೇ ಪೆಟ್ಟು, ಪಟ್ಟಿಯ ಮೇಲೂ ಕೆಳಗೂ ಇನ್ನಷ್ಟು ಊತ. ದಿನಾ ಬಿಚ್ಚಿ ಚರ್ಮ ನೋಡಿ ಮತ್ತೆ ಕಟ್ಟಬೇಕು. ಗೊರಸಿನ ಹಿಂದಿನ ಮಡಿಕೆ ಒಣಗಿರಬೇಕು, ಅಲ್ಲಿ ಬಿರುಕು ಬಿಟ್ಟರೆ ಸೋಂಕಿಗೆ ಬಾಗಿಲು ತೆರೆದ ಹಾಗೆ. ಕೆಲಸವಿಲ್ಲದ ದಿನಗಳಲ್ಲಿ ಹುರುಳಿ ಕಮ್ಮಿ, ಹುಲ್ಲು ಹೆಚ್ಚು. ಜರ್ಮನಿಯಲ್ಲಂತೂ ಕೈಯಿಂದ ಮೃದುವಾಗಿ ನೀವಿ ದುಗ್ಧರಸ ಮೇಲಕ್ಕೆ ಹರಿಸುವ ವಿಧಾನವನ್ನು ಮನುಷ್ಯರಿಗೆ ಮಾಡಿದ ಹಾಗೇ ಕುದುರೆಗಳಿಗೂ ಬೆಳೆಸಿದ್ದಾರೆ. ಬರೆ ಹಾಕಿದ ಹಾಗೆ ಹೊಗೆ ಇಲ್ಲ, ಸದ್ದಿಲ್ಲ. ಅದಕ್ಕೇ ಇದು ಚಿಕಿತ್ಸೆ ಅಂತ ಯಾರಿಗೂ ಅನ್ನಿಸಲ್ಲ.

ರಾಣಿಗೆ ಎಕ್ಸ್‌ರೇ, ಅಲ್ಟ್ರಾಸೌಂಡ್ ಎರಡೂ ಆಯ್ತು. ಸತ್ತ ಮೂಳೆ ಇರಲಿಲ್ಲ, ಒಳಗೆ ಏನೂ ಉಳಿದಿರಲಿಲ್ಲ. ನಾನು ಮಾಡಿದ ಒಂದೇ ಒಂದು ಉಪಯೋಗದ ಕೆಲಸ ಅಂದರೆ ಚಾಚಾಗೆ ಒಂದು ದಾರ ಕೊಟ್ಟಿದ್ದು. ದಿನಾ ಬೆಳಗ್ಗೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕಾಲಿನ ಸುತ್ತಳತೆ ಹಿಡಿದು ಗಂಟು ಹಾಕಿಡಿ ಅಂದೆ. ಕಣ್ಣು ಮೋಸ ಮಾಡುತ್ತೆ, ದಾರ ಮಾಡಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲಾಗ್ ಫೈಲು. ಕಳೆದ ವಾರ ಹೋದಾಗ ಲಾಯದ ಮೊಳೆಗೆ ದಾರಗಳ ಗೊಂಚಲೇ ನೇತಾಡುತ್ತಿತ್ತು. ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು. ಎರಡು ಬೆರಳಿನಷ್ಟು ವ್ಯತ್ಯಾಸ. "ನೋಡಪ್ಪಾ, ಪೂರ್ತಿ ಇಳಿಯಲ್ಲ ಅಂದ್ರು ಡಾಕ್ಟ್ರು. ಇಷ್ಟು ಇಳೀತಲ್ಲ, ಸಾಕು. ಅವನಿಗೆ ಕೊಡಲ್ಲ" ಅಂದರು. ಅವನು ಅಂದರೆ ಆ ದಲ್ಲಾಳಿ.

ಖುಷಿಯ ಮುಕ್ತಾಯ ಅಂತ ಬರೆಯೋಕೆ ಮನಸ್ಸಾಗುತ್ತೆ, ಆದರೆ ಸುಳ್ಳಾಗುತ್ತೆ. ಆ ಕಾಲು ಬಲಗಾಲಿನ ಹಾಗೆ ಇನ್ನು ಆಗಲ್ಲ. ಗಾಯ ಮುಚ್ಚಿದ ಮಾರನೇ ದಿನದಿಂದಲೇ ನಡೆಸಿ ಪಟ್ಟಿ ಕಟ್ಟಿದ್ದರೆ ಇನ್ನೂ ಇಳಿಯುತ್ತಿತ್ತು ಅಂದರು ಡಾಕ್ಟರು. ನಾವು ಕಳೆದದ್ದು ಒಂದು ತಿಂಗಳು, ಅದರಲ್ಲಿ ಎಂಟು ದಿನ ನನ್ನ ಲೆಕ್ಕಕ್ಕೆ. ಗಾಡಿಗೆ ಕಟ್ಟುವ ಮಾತು ಇನ್ನೂ ದೂರ ಇದೆ. ಅಲ್ಲಿಯವರೆಗೆ ಸಂಪಾದನೆ ಇಲ್ಲ. ಮಗ ಆಟೋ ಓಡಿಸಿ ಮೇವು ತರುತ್ತಿದ್ದಾನೆ.

ಇದನ್ನು ಇಲ್ಲಿ ಯಾಕೆ ಬರೆದೆ ಅಂದರೆ, ಹುಡುಕಿ ನೋಡಿದಾಗ ಇಂಗ್ಲಿಷಿನಲ್ಲಿ ಸಾಲು ಸಾಲು ಪುಟ ಸಿಕ್ಕಿತು, ಕನ್ನಡದಲ್ಲಿ ಚಾಚಾಗೆ ಓದಿ ಹೇಳೋಕೆ ನನಗೆ ಒಂದು ಪುಟವೂ ಸಿಗಲಿಲ್ಲ. ಚಾಳುಕ್ಯರ ಕಾಲದಲ್ಲೇ ಕೀರ್ತಿವರ್ಮ 'ಗೋವೈದ್ಯ' ಬರೆದ ಭಾಷೆ ನಮ್ಮದು. ಅಭಿನವಚಂದ್ರ ಅನ್ನುವವನು 'ಅಶ್ವವೈದ್ಯ' ಅಂತಲೇ ಕನ್ನಡದಲ್ಲಿ ಪುಸ್ತಕ ಬರೆದಿದ್ದ. ಟಿಪ್ಪುವಿನ ಕಾಲದಿಂದ ಕುಣಿಗಲ್‌ನಲ್ಲಿ ಕುದುರೆ ಸಾಕಿದ ನಾಡು ನಮ್ಮದು. ಆದರೆ ಇವತ್ತು ಕುದುರೆಯ ಕಾಲು ಊದಿದರೆ ಕನ್ನಡದಲ್ಲಿ ಸಿಗೋದು ಬರೆ ಹಾಕುವವನ ಮಾತು ಮಾತ್ರ. ನಾವು ಬ್ಲಾಗಿಗರು ಕವನ ಬರೆಯೋಣ, ಬೇಡ ಅಂದವರ್ಯಾರು? ಆದರೆ ತಿಂಗಳಿಗೊಂದಾದರೂ, ಯಾರಿಗೋ ಬೆಳಗ್ಗೆ ಎದ್ದು ಕೆಲಸಕ್ಕೆ ಬರುವ ವಿಷಯವನ್ನು ನೆಟ್ಟಗೆ ಕನ್ನಡದಲ್ಲಿ ಬರೆದಿಡೋಣ. ಪಶುವೈದ್ಯಕೀಯ ಓದಿದ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನ ತಪ್ಪುಗಳನ್ನು ಮುಲಾಜಿಲ್ಲದೆ ತಿದ್ದಿ. ಪೋಸ್ಟಿನಲ್ಲೇ ಸರಿಮಾಡ್ತೀನಿ.

ಆಫೀಸಿನಲ್ಲಿ ನಾವು ಟಿಕೆಟ್ ಕ್ಲೋಸ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಬೇಕು ಅಂತ ನಿಯಮ ಇದೆ: ಮೂಲ ಕಾರಣ ಏನು? ಎಷ್ಟೋ ಸಲ ಅಲ್ಲಿ ನಾವು ಏನೋ ಒಂದು ಗೀಚಿ ಮುಚ್ಚಿಬಿಡ್ತೀವಿ. ಸರ್ವರ್ ಆದರೆ ರೀಸ್ಟಾರ್ಟ್ ಮಾಡಬಹುದು. ಕುದುರೆಯ ಕಾಲು ಹಾಗಲ್ಲ. ಆದ್ದರಿಂದ ಮುಂದಿನ ಸಲ ಕುದುರೆಯದೋ ಎತ್ತಿನದೋ, ಮನೆಯ ಅಜ್ಜಿಯದೋ ಕಾಲು ನೋಡಿ "ಗಾಯ ಮಾಯ್ತಲ್ಲಾ, ಇನ್ನೇನು?" ಅಂತ ಬಾಯಿಗೆ ಬಂದರೆ, ಕೊನೆಯ ಪದವನ್ನು ನಿಜವಾದ ಪ್ರಶ್ನೆ ಅಂತಲೇ ಕೇಳಿ. ಇನ್ನೇನು? ಇನ್ನೂ ಏನು ಉಳಿದಿದೆ?

ಏನಂತೀರಿ? ಬೈಯೋದಿದ್ದರೂ ಕೆಳಗೆ ಜಾಗ ಇದೆ, ಧಾರಾಳವಾಗಿ ಬೈಯಿರಿ. ಬರೆ ಹಾಕುವ ಸಲಹೆ ಮಾತ್ರ ಬೇಡ :)